ಅಡಗಿದ ರೋಗವನ್ನು ಅರಸುವುದು ಕರ್ತವ್ಯವೇ?

ಕಳೆದ ವರ್ಷ ಭಾದ್ರಪದ ಶುಕ್ಲ ಪಂಚಮಿಗೆ ಇನ್ನೂ ಮೂರು ವಾರಗಳಿದ್ದಾಗ, ನಮ್ಮ ಬಸದಿಯ ಸ್ವಾಧ್ಯಾಯಕ್ಕೆ ತಪ್ಪದೆ ಬರುವ ಹಿರಿಯರೊಬ್ಬರ ಮನೆಯಲ್ಲಿ ತಂದೆ ಮಗನ ನಡುವೆ ವಾಗ್ವಾದವೊಂದು ನಡೆಯಿತು. ಹಿರಿಯರಿಗೆ ೬೧ ವರ್ಷ. ಮಧುಮೇಹ ಬಂದು ೧೪ ವರ್ಷಗಳಾಗಿದ್ದವು. ದಶಲಕ್ಷಣ ಪರ್ವದ ಮೊದಲ ಮತ್ತು ಕೊನೆಯ ದಿನ ನಿರ್ಜಲ ಉಪವಾಸ, ನಡುವಿನ ದಿನಗಳಲ್ಲಿ ಏಕಭುಕ್ತ, ಇದು ಅವರು ಯೌವನದಿಂದ ನಡೆಸಿಕೊಂಡು ಬಂದ ನೋಂಪಿ. ಬೆಂಗಳೂರಿನಿಂದ ಬಂದಿದ್ದ ಮಗ ಹೇಳಿದ: “ಅಪ್ಪಾ, ಮೊದಲು ಹೃದಯದ ಸ್ಕ್ಯಾನ್ ಆಗಲಿ. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಹೃದಯ ಕೆಡುತ್ತದಂತೆ. ಎಲ್ಲ ಸರಿಯಿದೆ ಎಂದು ತಿಳಿದ ಮೇಲೆ ನೀವು ಎಷ್ಟು ಉಪವಾಸ ಮಾಡಿದರೂ ನನ್ನ ಅಡ್ಡಿಯಿಲ್ಲ.” ತಂದೆಯ ಉತ್ತರ ಹೀಗಿತ್ತು: “ತಮ್ಮಾ, ನೋವೇ ಇಲ್ಲದ ರೋಗವನ್ನು ದುಡ್ಡು ಕೊಟ್ಟು ಹುಡುಕಿ ತರುವುದೇ? ಕಟ್ಟಿಕೊಂಡು ಬಂದ ಕರ್ಮ ಉದಯಕ್ಕೆ ಬರುವಾಗ ಬರುತ್ತದೆ. ನಾನು ವ್ರತ ಬಿಡಲಾರೆ.”

ಮರುದಿನ ಇಬ್ಬರೂ ನನ್ನ ಬಳಿಗೆ ಬಂದರು. “ಕಾಕಾ, ನೀವೇ ಹೇಳಿರಿ” ಎಂದು ಮಗ ಕೇಳಿದಾಗ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಒಬ್ಬನ ಮಾತಿನಲ್ಲಿ ವಾತ್ಸಲ್ಯವಿತ್ತು, ಇನ್ನೊಬ್ಬರ ಮಾತಿನಲ್ಲಿ ಶ್ರದ್ಧೆಯಿತ್ತು. ಆದರೂ ಎರಡೂ ಮಾತುಗಳಲ್ಲಿ ಏನೋ ಒಂದು ಕೊರತೆಯಿದೆಯೆಂದು ಮಾತ್ರ ತೋರುತ್ತಿತ್ತು. ಆ ಕೊರತೆ ಯಾವುದೆಂಬುದನ್ನು ಓದಿ, ವೈದ್ಯರನ್ನು ಕೇಳಿ, ಯೋಚಿಸಿ ತಿಳಿದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಇಂದು ಮಧುಮೇಹಿಗಳಿಲ್ಲದ ಶ್ರಾವಕ ಕುಟುಂಬಗಳು ವಿರಳವಾಗಿರುವುದರಿಂದ ಇದು ಒಂದು ಮನೆಯ ಪ್ರಶ್ನೆಯಾಗಿ ಉಳಿದಿಲ್ಲ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ಹೃದಯದ ಸ್ನಾಯುವಿಗೆ ರಕ್ತವನ್ನು ಒಯ್ಯುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕೂಡುತ್ತ ಬಂದಾಗ ದಾರಿ ಕಿರಿದಾಗುತ್ತದೆ. ಸಾಮಾನ್ಯವಾಗಿ ಶ್ರಮಪಟ್ಟಾಗ ಎದೆಯಲ್ಲಿ ಬಿಗಿತವೋ ನೋವೋ ಕಾಣಿಸಿಕೊಂಡು ಮನುಷ್ಯನನ್ನು ಎಚ್ಚರಿಸುತ್ತದೆ. ಮಧುಮೇಹವು ಬಹುಕಾಲ ಉಳಿದವರಲ್ಲಿ ಸಕ್ಕರೆಯು ಸೂಕ್ಷ್ಮವಾದ ನರಗಳನ್ನು ಕೆಡಿಸುತ್ತದೆ. ಕಾಲಿನ ಬೆರಳುಗಳು ಜೋಮು ಹಿಡಿಯುವಂತೆ, ಹೃದಯದ ನೋವನ್ನು ತಿಳಿಸಬೇಕಾದ ನರಗಳೂ ಮಂಕಾಗಬಹುದು. ಆಗ ರಕ್ತದ ಕೊರತೆಯಿದ್ದರೂ ನೋವಿಲ್ಲ. ಕೆಲವರಿಗೆ ಹೃದಯಾಘಾತವೇ ಆಗಿಹೋದದ್ದು ಮುಂದೆಂದೋ ತೆಗೆದ ಇ.ಸಿ.ಜಿ.ಯಿಂದ ತಿಳಿದುಬರುತ್ತದೆ. ಮಗನ ಭಯಕ್ಕೆ ಆಧಾರವಿಲ್ಲದೆ ಇರಲಿಲ್ಲ.

ಹಾಗಿದ್ದರೆ ಲಕ್ಷಣವಿಲ್ಲದ ಎಲ್ಲ ಮಧುಮೇಹಿಗಳನ್ನೂ ಪರೀಕ್ಷಿಸಿ, ಅಡಗಿದ ರೋಗವನ್ನು ಹೊರಗೆಳೆದು, ಚಿಕಿತ್ಸೆ ಮಾಡಿದರೆ ಪ್ರಾಣಗಳು ಉಳಿಯಬೇಕಷ್ಟೆ? ಸಾಮಾನ್ಯ ಬುದ್ಧಿಗೆ ಇದಕ್ಕೆ ಎದುರು ಮಾತೇ ಹೊಳೆಯುವುದಿಲ್ಲ. ಆದರೆ ಸಾಮಾನ್ಯ ಬುದ್ಧಿಗೆ ಹೊಳೆದುದನ್ನೆಲ್ಲ ಸತ್ಯವೆಂದು ಸ್ವೀಕರಿಸಲಾಗದೆಂದು ಬಲ್ಲ ಕೆಲವು ವೈದ್ಯರು ಈ ಮಾತನ್ನೇ ಪರೀಕ್ಷೆಗೆ ಒಡ್ಡಿದರು. ಅಮೆರಿಕ ಮತ್ತು ಕೆನಡಾ ದೇಶಗಳ ೧೪ ಕೇಂದ್ರಗಳಲ್ಲಿ, ೫೦ರಿಂದ ೭೫ ವರ್ಷದ, ಹೃದ್ರೋಗದ ಲಕ್ಷಣವಿಲ್ಲದ ೧೧೨೩ ಮಂದಿ ಮಧುಮೇಹಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಲಾಯಿತು. ಒಂದು ಪಾಲಿನವರಿಗೆ ಹೃದಯದ ರಕ್ತಸಂಚಾರವನ್ನು ತೋರಿಸುವ ಸ್ಕ್ಯಾನ್ ನಡೆಯಿತು. ಇನ್ನೊಂದು ಪಾಲಿನವರಿಗೆ ಅದಿಲ್ಲ. ಎರಡೂ ಪಾಲಿನವರು ತಮ್ಮ ತಮ್ಮ ವೈದ್ಯರಿಂದ ಎಂದಿನ ಚಿಕಿತ್ಸೆಯನ್ನು ಪಡೆಯುತ್ತಲೇ ಇದ್ದರು. ‘ಡಯಾಡ್’ ಎಂದು ಹೆಸರಾದ ಈ ಅಧ್ಯಯನದ ಫಲಿತಾಂಶ ೨೦೦೯ರಲ್ಲಿ ಪ್ರಕಟವಾಯಿತು.

ಸ್ಕ್ಯಾನ್ ಪೂರ್ಣಗೊಂಡ ೫೨೨ ಜನರಲ್ಲಿ ೧೧೩ ಮಂದಿಯಲ್ಲಿ, ಅಂದರೆ ನೂರಕ್ಕೆ ೨೨ರಷ್ಟು ಜನರಲ್ಲಿ, ದೋಷ ಕಂಡಿತು. ಗಣನೀಯವಾದ ದೋಷವಿದ್ದವರು ೩೩ ಮಂದಿ. ಸರಾಸರಿ ಐದು ವರ್ಷಗಳಿಗೆ ಸ್ವಲ್ಪ ಕಡಿಮೆ ಕಾಲ ಎಲ್ಲರನ್ನೂ ಗಮನಿಸಲಾಯಿತು. ಪರೀಕ್ಷೆಗೆ ಆಯ್ಕೆಯಾದವರಲ್ಲಿ ಹೃದಯಾಘಾತ ಅಥವಾ ಹೃದಯಸಂಬಂಧದ ಮರಣ ಸಂಭವಿಸಿದ್ದು ೧೫ ಮಂದಿಗೆ. ಉಳಿದ ಪಾಲಿನಲ್ಲಿ ೧೭ ಮಂದಿಗೆ. ನೂರಕ್ಕೆ ೨.೭ ಮತ್ತು ೩.೦. ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಮುಂದೆ ೨೦೧೪ರಲ್ಲಿ ಅಮೆರಿಕದ ಯೂಟಾ ಪ್ರಾಂತದ ೯೦೦ ಮಧುಮೇಹಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದ ವರದಿ ಬಂತು. ಅಲ್ಲಿ ಬಳಸಿದ್ದು ನಾಳಗಳನ್ನೇ ಚಿತ್ರಿಸಿ ತೋರಿಸುವ ಸಿ.ಟಿ. ಪರೀಕ್ಷೆ. ನಾಲ್ಕು ವರ್ಷಗಳ ಕೊನೆಗೆ ಅಲ್ಲಿಯೂ ಎರಡು ಪಾಲುಗಳ ನಡುವೆ ನಿಶ್ಚಿತವೆನ್ನಬಹುದಾದ ಅಂತರ ಕಾಣಲಿಲ್ಲ. ಇಂತಹ ಪ್ರಮಾಣಗಳನ್ನು ತೂಗಿ ನೋಡಿರುವ ಅಮೆರಿಕದ ಮಧುಮೇಹ ಸಂಸ್ಥೆಯು, ಅಪಾಯಕಾರಣಗಳಿಗೆ ಸರಿಯಾದ ಚಿಕಿತ್ಸೆ ನಡೆಯುತ್ತಿರುವಲ್ಲಿ, ಲಕ್ಷಣವಿಲ್ಲದ ಮಧುಮೇಹಿಗಳೆಲ್ಲರಿಗೂ ಹೃದಯನಾಳಗಳ ಪರೀಕ್ಷೆಯನ್ನು ವಾಡಿಕೆಯಾಗಿ ಮಾಡಬೇಕಾಗಿಲ್ಲವೆಂದು ಹೇಳುತ್ತದೆ.

ಇದನ್ನು ಓದಿದಾಗ ನಮ್ಮ ಹಿರಿಯರ ಮುಖ ಅರಳಿತು. “ನಾನು ಹೇಳಿದ್ದೇ ಸರಿಯಾಯಿತಲ್ಲ” ಎಂದರು. ಅಷ್ಟು ಬೇಗ ಸಂತೋಷಪಡುವಂತಿಲ್ಲ. ಆ ೧೧೨೩ ಮಂದಿಯಲ್ಲಿ ಪರೀಕ್ಷೆಯಿಲ್ಲದವರೂ ಕ್ಷೇಮವಾಗಿ ಉಳಿದದ್ದು ಏಕೆ? ಅವರು ಕರ್ಮೋದಯವೆಂದು ಸುಮ್ಮನಿದ್ದುದರಿಂದ ಅಲ್ಲ. ಎರಡೂ ಪಾಲಿನವರಲ್ಲಿ ಕೊಲೆಸ್ಟರಾಲ್ ಇಳಿಸುವ, ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ಮದ್ದುಗಳ ಬಳಕೆ ಅಧ್ಯಯನದ ಅವಧಿಯಲ್ಲಿ ಒಂದೇ ಸಮನೆ ಹೆಚ್ಚಿತ್ತು. ಸ್ಕ್ಯಾನಿನಲ್ಲಿ ರೋಗ ಕಂಡವನಿಗೆ ಮೊದಲಾಗಿ ಏನನ್ನು ಹೇಳುತ್ತಿದ್ದರೋ ಅದನ್ನೇ ರೋಗ ಕಾಣದವನಿಗೂ, ನೋಡದವನಿಗೂ ಹೇಳುತ್ತಿದ್ದರು. ಆ ಚಿಕಿತ್ಸೆಯ ಬಲಕ್ಕೆ ಬೇರೆ ಸಾಕ್ಷ್ಯಗಳಿವೆ. ಬ್ರಿಟನ್ ಮತ್ತು ಐರ್ಲೆಂಡಿನ ೨೮೩೮ ಮಧುಮೇಹಿಗಳಲ್ಲಿ ದಿನಕ್ಕೆ ೧೦ ಮಿಲಿಗ್ರಾಂ ಅಟೋರ್ವಸ್ಟ್ಯಾಟಿನ್ ಗುಳಿಗೆಯು ಹೃದಯಾಘಾತ, ಪಾರ್ಶ್ವವಾಯು ಮೊದಲಾದ ವಿಪತ್ತುಗಳನ್ನು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತಗ್ಗಿಸಿತೆಂದು ೨೦೦೪ರಲ್ಲಿ ತಿಳಿದುಬಂತು. ಡೆನ್ಮಾರ್ಕಿನಲ್ಲಿ ೧೬೦ ಮಧುಮೇಹಿಗಳನ್ನು ಸುಮಾರು ಎಂಟು ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ, ಸಕ್ಕರೆ, ರಕ್ತದೊತ್ತಡ, ಕೊಬ್ಬು, ಆಹಾರ, ವ್ಯಾಯಾಮ, ಧೂಮಪಾನ ಇವೆಲ್ಲವನ್ನೂ ಒಟ್ಟಿಗೆ ಬಿಗಿಯಾಗಿ ನೋಡಿಕೊಂಡವರಲ್ಲಿ ಇಂತಹ ವಿಪತ್ತುಗಳು ಸುಮಾರು ಅರ್ಧಕ್ಕೆ ಇಳಿದವು. ಅದರ ವರದಿ ಬಂದದ್ದು ೨೦೦೩ರಲ್ಲಿ.

ಈ ಅಂಕಿಗಳಿಂದ ಒಂದು ನೈತಿಕ ತತ್ತ್ವವು ಹೊರಡುತ್ತದೆ. ಸಮ್ಯಗ್‌ಜ್ಞಾನಕ್ಕೂ ಸಮ್ಯಕ್‌ಚಾರಿತ್ರಕ್ಕೂ ಬಿಡದ ನಂಟಿದೆಯೆಂದು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ರತ್ನತ್ರಯದ ಎತ್ತರದ ಮಾತನ್ನು ಲೌಕಿಕ ವಿಷಯಕ್ಕೆ ಎಳೆಯುವ ಸಾಹಸ ನನ್ನದಲ್ಲ. ಆದರೆ ಅಲ್ಲಿಯ ಬೆಳಕು ಇಲ್ಲಿಯೂ ಸ್ವಲ್ಪ ಬೀಳಬಹುದು. ತಿಳಿವಳಿಕೆಯು ನಡತೆಯನ್ನು ಬದಲಿಸುವಂತಿದ್ದರೆ ಅದನ್ನು ಅರಸುವುದು ಕರ್ತವ್ಯ. ತಿಳಿದ ಮೇಲೆ ಮಾಡಬೇಕಾದುದು ತಿಳಿಯುವ ಮೊದಲೇ ಮಾಡಬೇಕಾದುದಾಗಿದ್ದರೆ, ಆ ನಡತೆಯನ್ನು ಕೈಬಿಟ್ಟು ತಿಳಿವಳಿಕೆಯ ಬೆನ್ನುಹತ್ತುವುದು ಕರ್ತವ್ಯವನ್ನು ಮುಂದೂಡುವ ಒಂದು ಉಪಾಯವಷ್ಟೆ. ಹದಿನಾಲ್ಕು ವರ್ಷದ ಮಧುಮೇಹಿಯ ಹೃದಯಕ್ಕೆ ಅಪಾಯವಿದೆಯೆಂಬುದು ಸ್ಕ್ಯಾನಿಗೆ ಮೊದಲೇ ತಿಳಿದ ವಿಷಯ. ಅದಕ್ಕೆ ತಕ್ಕಂತೆ ನಡೆಯುತ್ತಿದ್ದೇವೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಜ್ಞಾನದ ದೋಷಗಳನ್ನು ಹೇಳುವಾಗ ನಮ್ಮ ಆಚಾರ್ಯರು ಸಂಶಯ, ವಿಪರ್ಯಯ, ಅನಧ್ಯವಸಾಯ ಎಂಬ ಮೂರನ್ನು ಎಣಿಸುತ್ತಾರೆ. ಲಕ್ಷಣವಿಲ್ಲದವನ ಪರೀಕ್ಷೆಯಲ್ಲಿ ಈ ಮೂರರ ನೆರಳೂ ಬೀಳುವುದುಂಟು. ಕೆಲವರ ವರದಿ ಅಸ್ಪಷ್ಟವಾಗಿರುತ್ತದೆ. ಒಂದು ಸಂಶಯವನ್ನು ಪರಿಹರಿಸಲು ಇನ್ನೊಂದು ಪರೀಕ್ಷೆ, ಅದಕ್ಕೆ ಮತ್ತೊಂದು, ಕೊನೆಗೆ ಆಂಜಿಯೋಗ್ರಾಂ. ಕೆಲವರಲ್ಲಿ ಇಲ್ಲದ ರೋಗವು ಇದ್ದಂತೆ ತೋರುತ್ತದೆ. ಇನ್ನು ಕೆಲವರಲ್ಲಿ ಎಲ್ಲವೂ ಸರಿಯಾಗಿದೆಯೆಂಬ ವರದಿಯೇ ವಿಪರ್ಯಯಕ್ಕೆ ಕಾರಣವಾಗುತ್ತದೆ. ಏಕೆಂದರೆ ದಾರಿಯನ್ನು ಹೆಚ್ಚು ಕಿರಿದುಗೊಳಿಸದ ಸಣ್ಣ ಕೊಬ್ಬಿನ ಗಂಟೊಂದು ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಹೃದಯಾಘಾತವಾಗುವುದು ಅಪರೂಪವೇನಲ್ಲ. ಶ್ರಮದ ಪರೀಕ್ಷೆಯಲ್ಲಿ ಅಂತಹ ಗಂಟು ಕಾಣದಿರಬಹುದು. “ಎಲ್ಲ ಸರಿಯಿದ್ದರೆ ಎಷ್ಟು ಉಪವಾಸವಾದರೂ ಮಾಡಿ” ಎಂದ ಮಗನ ತರ್ಕದ ದೋಷವಿರುವುದು ಇಲ್ಲಿಯೇ. ಸ್ಕ್ಯಾನಿನ ಕಾಗದವನ್ನು ಅವನು ಅಭಯಪತ್ರವೆಂದು ಭಾವಿಸಿದ್ದನು.

ಅಡಚಣೆ ಕಂಡರೆ ಅದನ್ನು ಕೂಡಲೇ ತೆರೆದುಬಿಡಬಹುದಲ್ಲವೇ ಎಂದು ಕೇಳಬಹುದು. ಮಧುಮೇಹದ ಜೊತೆಗೆ ಹೃದಯನಾಳದ ರೋಗವೂ ಇದ್ದ ೨೩೬೮ ಮಂದಿಯಲ್ಲಿ, ಒಂದು ಪಾಲಿನವರಿಗೆ ಸ್ಟೆಂಟ್ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಬೇಗನೆ ಮಾಡಿ, ಇನ್ನೊಂದು ಪಾಲಿನವರಿಗೆ ಔಷಧಚಿಕಿತ್ಸೆಯನ್ನೇ ಬಿಗಿಯಾಗಿ ನಡೆಸಿ ನೋಡಿದಾಗ, ಐದು ವರ್ಷಗಳ ತರುವಾಯ ಬದುಕಿ ಉಳಿದವರ ಪ್ರಮಾಣ ಎರಡರಲ್ಲಿಯೂ ನೂರಕ್ಕೆ ೮೮ರ ಸುಮಾರಿಗೇ ಇತ್ತೆಂದು ೨೦೦೯ರಲ್ಲಿಯೇ ವರದಿಯಾಗಿದೆ. ರೋಗವು ಹೆಚ್ಚು ಹರಡಿ ಬೈಪಾಸಿಗೆ ತಕ್ಕವರೆನಿಸಿದವರಲ್ಲಿ ಶಸ್ತ್ರಚಿಕಿತ್ಸೆಯಿಂದ ಹೃದಯಾಘಾತಗಳು ಕಡಿಮೆಯಾದವೆಂಬುದನ್ನೂ ಮರೆಯಬಾರದು. ಆದರೆ ಕಂಡ ಅಡಚಣೆಯನ್ನೆಲ್ಲ ತೆರೆದರೆ ಆಯುಷ್ಯ ಹೆಚ್ಚುತ್ತದೆಂಬ ನಂಬಿಕೆಗೆ ಪ್ರಮಾಣವಿಲ್ಲ.

ಇನ್ನು ತಂದೆಯ ಪಕ್ಷಕ್ಕೆ ಬರೋಣ. ಕರ್ಮೋದಯದ ಮಾತು ಸತ್ಯವೇ. ಆದರೆ ಅದೇ ಹಿರಿಯರು ಪ್ರತಿದಿನ ಬೆಳಗ್ಗೆ ಸಕ್ಕರೆಯ ಗುಳಿಗೆಯನ್ನು ತಪ್ಪದೆ ನುಂಗುತ್ತಾರೆ. ನೀರನ್ನು ಸೋಸಿ ಕುಡಿಯುತ್ತಾರೆ. ರಾತ್ರಿ ದೀಪಕ್ಕೆ ಹುಳು ಬೀಳದಂತೆ ನೋಡಿಕೊಳ್ಳುತ್ತಾರೆ. ಪುರುಷಾರ್ಥಕ್ಕೆ ಎಡೆಯಿಲ್ಲವೆಂದು ನಂಬುವವರು ಇವೊಂದನ್ನೂ ಮಾಡಬೇಕಾಗಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಮುಖ್ಯ ಕಾರಣವಾಗಿ ಹೇಳುತ್ತದೆ. ಅಲಕ್ಷ್ಯವೇ ದೋಷದ ಬೇರು. ಪರಜೀವಿಯ ವಿಷಯದಲ್ಲಿ ಅಷ್ಟು ಎಚ್ಚರದಿಂದಿರುವ ಶ್ರಾವಕನು ತನ್ನ ದೇಹದ ವಿಷಯದಲ್ಲಿ ಪ್ರಮಾದಕ್ಕೆ ಕರ್ಮಸಿದ್ಧಾಂತದ ಹೊದಿಕೆ ಹೊದಿಸುವುದು ಒಪ್ಪುವ ಮಾತಲ್ಲ.

“ಎಂದಾದರೂ ಬಿಡಲೇಬೇಕಾದ ದೇಹವಿದು” ಎಂಬ ಮಾತನ್ನೂ ಕೆಲವರು ಮುಂದಿಡುತ್ತಾರೆ. ಸಲ್ಲೇಖನಕ್ಕೆ ಹೇಳಿರುವ ಸಂದರ್ಭಗಳಾದರೂ ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳು. ಪ್ರತೀಕಾರವಿಲ್ಲದ ಎಂಬ ಆ ವಿಶೇಷಣವನ್ನು ಬಿಟ್ಟು ಓದಬಾರದು. ದಿನಕ್ಕೊಂದು ಗುಳಿಗೆಯಿಂದ, ಮಿತಾಹಾರದಿಂದ, ನಡಿಗೆಯಿಂದ ತಡೆಯಬಹುದಾದ ರೋಗವನ್ನು ತಡೆಯದೆ ಬಿಡುವುದು ದೇಹತ್ಯಾಗದ ಸಾಧನೆಯೆನಿಸುವುದಿಲ್ಲ. ಅದು ಮನೆಯವರಿಗೆ ಹೊರೆ, ತನಗೆ ಆರ್ತಧ್ಯಾನ.

ಹಾಗಾದರೆ ಪರೀಕ್ಷೆಯನ್ನು ಎಂದಿಗೂ ಮಾಡಿಸಬಾರದೇ? ಈ ಪ್ರಶ್ನೆಗೆ ಉತ್ತರ ದೊರೆತದ್ದು ನಾನು ಎಣಿಸದ ರೀತಿಯಲ್ಲಿ. ವಾದವು ಮುಗಿಯದಿದ್ದಾಗ ನಾವು ಮೂವರೂ ಹಿರಿಯರ ಎಂದಿನ ವೈದ್ಯರಲ್ಲಿಗೆ ಹೋದೆವು. ಅವರು ಸ್ಕ್ಯಾನಿನ ಮಾತನ್ನು ಎತ್ತಲೇ ಇಲ್ಲ. “ರಾಯರೇ, ಬೆಟ್ಟದ ಬಸದಿಗೆ ಹತ್ತುವಾಗ ನಡುವೆ ನಿಲ್ಲುತ್ತೀರಾ?” ಎಂದು ಕೇಳಿದರು. ಹಿರಿಯರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಯುಗಾದಿಯಿಂದೀಚೆಗೆ ಎರಡು ಸಲ ನಿಲ್ಲುತ್ತೇನೆ. ಉಸಿರು ಹತ್ತುತ್ತದೆ, ಬೆವರುತ್ತದೆ. ನೋವೇನೂ ಇಲ್ಲ, ವಯಸ್ಸಾಯಿತಲ್ಲ” ಎಂದರು. ಮಗ ತಂದೆಯ ಮುಖವನ್ನೇ ನೋಡಿದ. ಮನೆಯಲ್ಲಿ ಯಾರಿಗೂ ಈ ಸಂಗತಿ ತಿಳಿದಿರಲಿಲ್ಲ. ಹೇಳಿದರೆ ವ್ರತಕ್ಕೆ ಅಡ್ಡಿಯಾದೀತೆಂದು ಅವರು ಹೇಳಿರಲಿಲ್ಲ.

ಮೌನವಾಗಿದೆಯೆಂದು ನಾವು ಚರ್ಚಿಸಿದ ಹೃದಯವು ನಾಲ್ಕು ತಿಂಗಳಿಂದ ಮಾತನಾಡುತ್ತಲೇ ಇತ್ತು. ಮಧುಮೇಹಿಗಳಲ್ಲಿ ಅದರ ಭಾಷೆ ಎದೆನೋವೇ ಆಗಿರಬೇಕಾಗಿಲ್ಲ. ಮೊದಲಿಲ್ಲದ ಏದುಸಿರು, ಕಾರಣವಿಲ್ಲದ ಬೆವರು, ಸಣ್ಣ ಕೆಲಸಕ್ಕೇ ಬರುವ ಆಯಾಸ, ದವಡೆ ಅಥವಾ ತೋಳಿನ ನೋವು, ಹೊಟ್ಟೆಯ ಮೇಲ್ಭಾಗದ ಸಂಕಟ, ಇವೆಲ್ಲವೂ ಅದರ ಮಾತುಗಳೇ. ಸ್ತ್ರೀಯರಲ್ಲಿ ಇವನ್ನು ಮನೆಗೆಲಸದ ದಣಿವೆಂದು ತಳ್ಳಿಹಾಕುವುದು ಇನ್ನೂ ಹೆಚ್ಚು. ಇಂತಹ ಸೂಚನೆ ಬಂದಾಗ, ಇ.ಸಿ.ಜಿ.ಯಲ್ಲಿ ಹಳೆಯ ಆಘಾತದ ಗುರುತು ಕಂಡಾಗ, ಕಾಲಿನ ಅಥವಾ ಕತ್ತಿನ ರಕ್ತನಾಳಗಳಲ್ಲಿ ರೋಗವಿದೆಯೆಂದು ತಿಳಿದಾಗ, ಪರೀಕ್ಷೆಯನ್ನು ತಡಮಾಡಬಾರದು. ಸೂಚನೆಯಿಲ್ಲದಿದ್ದರೂ, ಮದ್ದನ್ನು ಆರಂಭಿಸುವ ವಿಷಯದಲ್ಲಿ ವೈದ್ಯರೂ ರೋಗಿಯೂ ತೀರ್ಮಾನಕ್ಕೆ ಬರಲಾಗದಿದ್ದಾಗ, ನಾಳಗಳಲ್ಲಿ ಕೂಡಿದ ಸುಣ್ಣದ ಅಂಶವನ್ನು ಅಳೆಯುವ ಪರೀಕ್ಷೆ ನೆರವಾಗುವುದುಂಟು. ಈ ಸಂದರ್ಭಗಳಲ್ಲಿ ಪರೀಕ್ಷೆಯ ಉತ್ತರದಿಂದ ನಡತೆ ಬದಲಾಗುತ್ತದೆ. ಆದುದರಿಂದ ಅಲ್ಲಿ ಪರೀಕ್ಷೆಯನ್ನು ಒಲ್ಲೆನೆನ್ನುವುದು ಪ್ರಮಾದವೇ ಸರಿ.

ಇದಕ್ಕೆಲ್ಲ ಮೂಲವಾಗಿ ಬೇಕಾದುದು ಸತ್ಯವ್ರತ. ನೆರೆಯವನಿಗೆ ಸುಳ್ಳು ಹೇಳದ ನಾವು ವೈದ್ಯರ ಮುಂದೆ ಅರ್ಧ ಹೇಳಿ ಅರ್ಧ ಮುಚ್ಚಿಡುತ್ತೇವೆ. ತಂಬಾಕು, ಸಿಹಿ, ಬಿಟ್ಟ ಗುಳಿಗೆಗಳ ಲೆಕ್ಕದಲ್ಲಿಯಂತೂ ತೀರ ಧಾರಾಳಿಗಳಾಗುತ್ತೇವೆ. ಯಂತ್ರದಿಂದ ಹುಡುಕಿಸಬೇಕಾದ ಗುಟ್ಟುಗಳಿಗಿಂತ ಬಾಯಿಬಿಟ್ಟು ಹೇಳಬಹುದಾದ ಗುಟ್ಟುಗಳೇ ಹೆಚ್ಚು.

ಇನ್ನು ವ್ರತದ ಮಾತು. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂಬ ಎರಡು ಹೆಸರುಗಳನ್ನು ನಾವು ಪೂಜೆಯಲ್ಲಿ ಉಚ್ಚರಿಸುತ್ತೇವೆ. ತ್ಯಾಗವೂ ತಪವೂ ಶಕ್ತಿಗೆ ಅನುಗುಣವಾಗಿರಬೇಕೆಂಬುದೇ ಆ ಹೆಸರುಗಳಲ್ಲಿದೆ. ಶಕ್ತಿಯನ್ನು ಅಡಗಿಸುವುದು ಹೇಗೆ ದೋಷವೋ, ಇಲ್ಲದ ಶಕ್ತಿಯನ್ನು ಇದೆಯೆಂದು ತಿಳಿಯುವುದೂ ಹಾಗೆಯೇ ದೋಷ. ಇನ್ಸುಲಿನ್ ಅಥವಾ ಸಲ್ಫೊನೈಲ್ಯೂರಿಯಾ ವರ್ಗದ ಗುಳಿಗೆಗಳನ್ನು ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿಯಬಹುದು. ಕುಸಿತವು ಹೃದಯದ ಲಯವನ್ನೇ ಕದಡಬಲ್ಲದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಬಗೆಯ ಗುಳಿಗೆಗಳನ್ನು ಸೇವಿಸುವವರು ನಿರ್ಜಲ ಉಪವಾಸ ಮಾಡಿದರೆ ದೇಹದ ನೀರು ಬತ್ತಿ, ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ. ರಾತ್ರಿಭೋಜನ ತ್ಯಾಗವಿರುವವರ ಸಂಜೆಯ ಮದ್ದಿನ ಪ್ರಮಾಣವನ್ನು ವೈದ್ಯರು ಮೊದಲೇ ಸರಿಪಡಿಸಿದರೆ, ನಡುರಾತ್ರಿ ಸಕ್ಕರೆ ಕುಸಿದು ವ್ರತಭಂಗದ ಸಂಕಟ ಬರುವುದು ಬಹುಮಟ್ಟಿಗೆ ತಪ್ಪುತ್ತದೆ. ಆದರೂ ಕುಸಿದರೆ ಕೂಡಲೇ ಸಕ್ಕರೆ ತೆಗೆದುಕೊಳ್ಳಬೇಕು. ಪ್ರಾಯಶ್ಚಿತ್ತವೂ ಅಂತರಂಗ ತಪಗಳಲ್ಲಿ ಒಂದೆಂಬುದನ್ನು ನೆನೆಯಬೇಕು. ಮುನಿಮಹಾರಾಜರಲ್ಲಿ ವ್ರತವನ್ನು ಬೇಡುವಾಗ ರೋಗವನ್ನೂ ಮದ್ದನ್ನೂ ಅವರಿಗೆ ಅರಿಕೆ ಮಾಡಿಕೊಳ್ಳಲು ನಾಚಬಾರದು.

ಬಹಿರಂಗ ತಪಗಳು ಆರು. ಅನಶನವು ಅವುಗಳಲ್ಲಿ ಮೊದಲನೆಯದು, ಒಂದೇ ಅಲ್ಲ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ರಸಗಳನ್ನು ಬಿಡುವ ರಸಪರಿತ್ಯಾಗ ಇವು ಮಧುಮೇಹಿಗೆ ಧರ್ಮವೂ ಹೌದು, ಬಹುಮಟ್ಟಿಗೆ ಪಥ್ಯವೂ ಹೌದು. ಬೆಲ್ಲ, ಸಕ್ಕರೆ, ತುಪ್ಪಗಳನ್ನು ಹತ್ತು ದಿನಗಳಲ್ಲ, ವರ್ಷವೆಲ್ಲ ಬಿಡುವುದು ಒಂದು ದಿನದ ನಿರಾಹಾರಕ್ಕಿಂತ ಸುಲಭವೆಂದು ತಿಳಿಯಬೇಡಿರಿ. ಆಚರಿಸಿ ನೋಡಿದವರಿಗೆ ಗೊತ್ತು.

ನಮ್ಮ ಹಿರಿಯರಿಗೆ ಪರೀಕ್ಷೆ ನಡೆಯಿತು. ಒಂದು ನಾಳದಲ್ಲಿ ಅಡಚಣೆ ಕಂಡಿತು; ವೈದ್ಯರು ಔಷಧದಿಂದಲೇ ಚಿಕಿತ್ಸೆಯನ್ನು ಆರಂಭಿಸಿದರು. ಪರ್ವದ ಹತ್ತು ದಿನವೂ ಅವರು ವೈದ್ಯರು ಹೇಳಿದ ಹೊತ್ತಿಗೆ ಮಿತವಾದ, ರಸವಿಲ್ಲದ ಆಹಾರ ಸೇವಿಸಿ, ಉಳಿದ ಹೊತ್ತನ್ನು ಸ್ವಾಧ್ಯಾಯಕ್ಕೆ ಕೊಟ್ಟರು. ಅನಂತ ಚತುರ್ದಶಿಯ ದಿನ ಬಸದಿಯಲ್ಲಿ ಉಪವಾಸಿಗಳ ಸಾಲಿನಿಂದ ಸ್ವಲ್ಪ ಹಿಂದೆ ಕುಳಿತಿದ್ದರು. ಮೂವತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ಆ ಸಾಲಿನಲ್ಲಿ ಇರಲಿಲ್ಲವೆಂಬ ವ್ಯಥೆ ಅವರ ಮುಖದಲ್ಲಿತ್ತು. ಅದನ್ನು ನಾನು ಮುಚ್ಚಿ ಬರೆಯಲಾರೆ. ಮಗ ಅವರ ಪಕ್ಕದಲ್ಲಿ ಕುಳಿತಿದ್ದ. ಅವನು ಅಂದು ತನ್ನ ಜೀವನದ ಮೊದಲ ಪೂರ್ಣ ಉಪವಾಸದಲ್ಲಿದ್ದ.

“ಉಪವಾಸ ಬಿಟ್ಟದ್ದು ಅಷ್ಟು ಕಷ್ಟವಾಗಲಿಲ್ಲ. ಉಸಿರು ಹತ್ತುತ್ತದೆ ಎಂದು ಒಪ್ಪಿಕೊಂಡದ್ದೇ ಕಷ್ಟವಾಯಿತು” ಎಂದು ಹಿರಿಯರು ಮರುದಿನ ನನಗೆ ಹೇಳಿದರು. ಮಾನಕಷಾಯವನ್ನು ಕರಗಿಸುವುದಕ್ಕಾಗಿಯೇ ತಪವಿರುವುದಾದರೆ, ಆ ವರ್ಷ ಅವರ ತಪ ಊನವಾಯಿತೆಂದು ನನಗೆ ತೋರುವುದಿಲ್ಲ. ಈ ಸಲದ ಭಾದ್ರಪದಕ್ಕೆ ಮುನ್ನ ನಮ್ಮ ನಮ್ಮ ಮನೆಗಳ ಮಧುಮೇಹಿಗಳನ್ನು ಸ್ಕ್ಯಾನಿಗೆ ಕಳುಹಿಸುವ ಆತುರ ಬೇಡ. ಬೆಟ್ಟ ಹತ್ತುವಾಗ ನಡುವೆ ನಿಲ್ಲುತ್ತೀರಾ ಎಂದು ಅವರನ್ನು ಪ್ರೀತಿಯಿಂದ ಕೇಳೋಣ, ಅವರ ಉತ್ತರವನ್ನು ತಾಳ್ಮೆಯಿಂದ ಆಲಿಸೋಣ.